ಹಲ್ಲಿನ ಡಾಕ್ಟರ ಹಳೆಯ ಕುರ್ಚಿ

ಅಂಗಡಿಯ ಹಿಂದಿನ ಕೋಣೆಯಿಂದ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಬುಗುರಿ,

ಹೇಗಿದ್ದೀಯ ಮಗಳೇ? ಬೆರಳು ವಾಸಿಯಾಯಿತಾ? ಕೇಬಲ್ಲಿನ ತಂತಿ ಚುಚ್ಚಿದ್ದನ್ನು ಫೋನಿನಲ್ಲಿ "ಏನಿಲ್ಲ, ಸಣ್ಣದು" ಅಂದೆ. ನಿನ್ನ ಸಣ್ಣದು ಎಷ್ಟು ದೊಡ್ಡದಿರುತ್ತದೆ ಅಂತ ನನಗೆ ಗೊತ್ತು. ಐದನೇ ಕ್ಲಾಸಿನಲ್ಲಿ ಕೈ ಮುರಿದುಕೊಂಡು ಬಂದಾಗಲೂ ಇದೇ ಮಾತು ಹೇಳಿದ್ದೆ. ಗ್ರೀಸ್ ಹತ್ತಿದ ಕೈಯಲ್ಲೇ ಊಟಕ್ಕೆ ಕೂರಬೇಡ. ಲಿಫ್ಟ್ ರಿಪೇರಿ ಕಲಿಯುವವರಲ್ಲಿ ನೀನೊಬ್ಬಳೇ ಹುಡುಗಿ ಅನ್ನುವುದನ್ನು ಅಪ್ಪ ಅಂಗಡಿಗೆ ಕನ್ನಡಕ ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಾರೆ. ಬಂದವರು ಫ್ರೇಮಿನ ಬೆಲೆ ಕೇಳಿದರೆ ಇವರು ಮಗಳು ಹತ್ತುವ ಕಟ್ಟಡದ ಎತ್ತರ ಹೇಳುತ್ತಾರೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಿನಗೆ ಅನ್ನಿಸಬಹುದು. ಫೋನಿನಲ್ಲಿ ನೀನು "ಹೂಂ" ಅಂದ ಕೂಡಲೇ ನಾನು ಹೇಳಬೇಕೆಂದಿದ್ದು ಅಲ್ಲೇ ಉಳಿದುಬಿಡುತ್ತದೆ. ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಕಾಗದ ಹೂಂಗುಟ್ಟುವುದಿಲ್ಲ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳ ಕನ್ನಡ ಇದು, ಎಲ್ಲಾದರೂ ಒತ್ತಕ್ಷರ ತಪ್ಪಿದ್ದರೆ ಅಜ್ಜಿಯ ಕಿವಿಗೆ ಹಾಕಬೇಡ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ತಮ್ಮ ಬಟಾಣಿ ಇನ್ನು ಬಟಾಣಿಯಾಗಿ ಉಳಿದಿಲ್ಲ, ಕುಂಬಳಕಾಯಿಯ ದಾರಿ ಹಿಡಿದಿದ್ದಾನೆ. ಈ ಮಾತು ಬರೆಯುವಾಗ ನನಗೆ ಎಷ್ಟು ಹಗುರವಾಗುತ್ತಿದೆ ಅಂತ ನಿನಗೆ ತಿಳಿಯಬೇಕಾದರೆ ಹೋದ ತಿಂಗಳ ಕಥೆಯನ್ನು ಮೊದಲಿನಿಂದ ಹೇಳಬೇಕು.

ನೀನು ಬಂದ ದಿನ ಅವನು ಹಾಲು ಕುಡಿಯುವಾಗ ಮಾಡಿದ ರಂಪ ನೆನಪಿರಬೇಕು. ಮೊದಲು ಆಸೆಯಿಂದಲೇ ಬಾಯಿ ಹಾಕುತ್ತಿದ್ದ. ಸ್ವಲ್ಪ ಹೊತ್ತು ಎಲ್ಲ ಸರಿಯಿರುತ್ತಿತ್ತು. ಆಮೇಲೆ ಗಟಗಟನೆ ನುಂಗಿ, ಕೆಮ್ಮಿ, ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಮುಖ ಅತ್ತ ತಿರುಗಿಸಿ ಕಿರುಚುತ್ತಿದ್ದ. ಮತ್ತೆ ಹತ್ತಿರ ತಂದರೆ ಎರಡೂ ಮುಷ್ಟಿಯಿಂದ ನನ್ನನ್ನು ದೂಡುತ್ತಿದ್ದ. ಅವತ್ತು ಅಜ್ಜಿ, "ಥೇಟ್ ಅಕ್ಕನೇ. ಅವಳೂ ಎರಡು ತಿಂಗಳಿಗೇ ಅಮ್ಮನ್ನ ಬೇಡ ಅಂದವಳು, ಡಬ್ಬಿ ಹಾಲಿನ ಮಹಾರಾಣಿ" ಅಂದರು. ನೀನು ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಹಳೆಯ ತಮಾಷೆ ಅದು. ನೀನೂ, "ಜಾಣ ಕಣೋ, ನನ್ನ ಹಾಗೇ" ಅಂತ ಅವನ ಕಾಲು ಹಿಡಿದು ಅಲ್ಲಾಡಿಸಿದೆ. ಎಲ್ಲರೂ ನಕ್ಕೆವು. ಎರಡು ದಿನ ಇರುತ್ತೇನೆ ಅಂತ ಬಂದವಳು ಸಂಜೆಯ ಬಸ್ಸಿಗೇ ಹೊರಟೆ. ಕೆಲಸ ಇದೆ ಅಂದೆ. ಇತ್ತೇನೋ. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನೀನು ಮೆಟ್ಟಿಲು ಇಳಿಯುವಾಗ ಯಾವಾಗಲೂ ಎರಡೆರಡು ಹಾರುತ್ತೀಯ, ಅವತ್ತು ಒಂದೊಂದೇ ಇಳಿದೆ. ಆ ತಮಾಷೆ ನಿನಗೆ ಯಾವತ್ತಾದರೂ ತಮಾಷೆಯಾಗಿತ್ತಾ ಅನ್ನುವ ಪ್ರಶ್ನೆ ನನಗೆ ಬಂದಿದ್ದು ಆಗ. ಅಷ್ಟು ತಡವಾಗಿ ಯಾಕೆ ಬಂತು ಅಂತ ಈಗಲೂ ಯೋಚಿಸುತ್ತೇನೆ.

ನೀನು ಹೋದ ಮೇಲೆ ರಂಪ ಇನ್ನೂ ಹೆಚ್ಚಿತು. ಹಾಲು ಸಾಲುತ್ತಿಲ್ಲ ಅಂತ ಮನೆಯಲ್ಲಿ ತೀರ್ಮಾನವಾಯಿತು. ನಾನೇ ಮೊದಲು ಒಪ್ಪಿದವಳು. ನಲವತ್ಮೂರರ ಹೆಂಗಸಿಗೆ ಎಷ್ಟು ಹಾಲು ಬಂದೀತು, ಮೊದಲ ಸಲವೇ ಇರಲಿಲ್ಲವಲ್ಲ ಅಂದುಕೊಂಡೆ. ಅಪ್ಪ ಹಾಲು ಹಿಂಡುವ ಪಂಪು ತಂದರು, ಹಿಂಡಿ ತೆಗೆದಷ್ಟೂ ಊರುತ್ತದೆ ಅಂತ ಯಾರೋ ಹೇಳಿದ್ದರಂತೆ. ಹಾಲು ಹೆಚ್ಚಲಿ ಅಂತ ಅಜ್ಜಿ ನನಗಾಗಿ ಬೆಳ್ಳುಳ್ಳಿ ಸುಲಿಯಲು ಕೂತರೆ ಏಳುತ್ತಲೇ ಇರಲಿಲ್ಲ. ನನ್ನ ಹತ್ತಿರ ಬಂದವರು ಒಂದು ಹೆಜ್ಜೆ ಹಿಂದೆ ನಿಂತು ಮಾತಾಡುವ ಹಾಗಾಯಿತು. ಇಷ್ಟೆಲ್ಲ ಮಾಡಿದರೂ ಅವನು ಇನ್ನಷ್ಟು ಅತ್ತ. ಕೊನೆಗೆ ಅಪ್ಪ ಡಬ್ಬಿಯನ್ನೂ ಬಾಟಲಿಯನ್ನೂ ತಂದು ಅಡುಗೆಮನೆಯ ಕಪಾಟಿನಲ್ಲಿಟ್ಟರು. ಡಬ್ಬಿ ಹಾಲು ಕೆಟ್ಟದ್ದು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ, ಅದನ್ನೇ ಕುಡಿದು ನೀನು ಲಿಫ್ಟನ್ನು ಎತ್ತಿ ಇಳಿಸುವಷ್ಟು ಗಟ್ಟಿಯಾಗಿದ್ದೀಯ. ಆದರೆ ಎರಡನೇ ಮಗುವೂ ನನ್ನಿಂದ ಮುಖ ತಿರುಗಿಸಿತಲ್ಲ ಅಂತ ಅವತ್ತು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಅತ್ತೆ.

ಅತ್ತು ಮುಗಿಸಿ ಕೆಳಗೆ ಅಂಗಡಿಗೆ ಬಂದು ಒಬ್ಬ ಮುದುಕರ ಕಣ್ಣು ನೋಡಿದೆ. ಗ್ಲಾಸು ಬದಲಿಸುತ್ತಾ, "ಇದು ಚೆನ್ನಾಗಿ ಕಾಣುತ್ತಾ, ಅದಾ?" ಅಂತ ಕೇಳುವಾಗ ನನಗೇ ನಗು ಬಂತು. ಒಂದು ಸಲಕ್ಕೆ ಒಂದೇ ಗ್ಲಾಸು ಬದಲಿಸಬೇಕು, ಎರಡು ಬದಲಿಸಿದರೆ ಯಾವುದರಿಂದ ಕಂಡಿತು ಅಂತ ತಿಳಿಯುವುದಿಲ್ಲ: ಇಪ್ಪತ್ತು ವರ್ಷದಿಂದ ಇದೇ ನನ್ನ ಕೆಲಸ. ಮನೆಯಲ್ಲಿ ಮಾತ್ರ ಸೋಪು, ಊಟ, ಪಂಪು, ಮಲಗುವ ಜಾಗ ಎಲ್ಲವನ್ನೂ ಒಂದೇ ವಾರ ಬದಲಿಸಿ ಕೂತಿದ್ದೆ. ಹಾಗಾಗಿ ಎಲ್ಲ ನಿಲ್ಲಿಸಿ ಮೊದಲಿನಿಂದ ಒಂದೊಂದೇ ಹಿಡಿದೆ. ವಾಸನೆಗೇನೋ ಅಂತ ಸೋಪಿಲ್ಲದೆ ಸ್ನಾನ ಮಾಡಿ ನೋಡಿದೆ, ಅತ್ತ. ಪರದೆ ಎಳೆದು ಕತ್ತಲೆ ಮಾಡಿದೆ, ಅತ್ತ. ಎಡಗಡೆಯಿಂದ ಶುರುಮಾಡಿದೆ, ಎಡಗಡೆಯ ಕಡೆಗೆ ಅತ್ತ. ಅಪ್ಪ, "ಇವನಿಗೆ ಯಾವ ನಂಬರೂ ಹೊಂದಲ್ಲ ಕಣೇ" ಅಂದರು.

ಆಮೇಲೆ ಆಗಿದ್ದಕ್ಕೆ ನನ್ನ ಜಾಣತನ ಕಾರಣವಲ್ಲ, ಬೆನ್ನುನೋವು ಕಾರಣ. ಕಣ್ಣು ಪರೀಕ್ಷೆಗೆ ನಾವು ಇಟ್ಟಿರುವ ಕುರ್ಚಿ ಗೊತ್ತಲ್ಲ, ಹಲ್ಲಿನ ಡಾಕ್ಟರು ಕ್ಲಿನಿಕ್ ಮುಚ್ಚುವಾಗ ಅಪ್ಪ ಅಗ್ಗಕ್ಕೆ ತಂದದ್ದು. ಅದರಲ್ಲಿ ಕೂತವರು ಕಣ್ಣು ಬಿಡಿ ಅಂದರೆ ಈಗಲೂ ಬಾಯಿ ಬಿಡುತ್ತಾರೆ. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿತ್ತು, ಬಟಾಣಿಗೆ ಹಸಿವಾಗಿತ್ತು, ನನಗೆ ನೆಟ್ಟಗೆ ಕೂರಲು ಆಗುತ್ತಿರಲಿಲ್ಲ. ಬಾಗಿಲು ಹಾಕಿ ಆ ಕುರ್ಚಿಯಲ್ಲಿ ಕೂತು ಪಕ್ಕದ ಹಿಡಿ ಒತ್ತಿದೆ. ಅದು ಸ್ವಲ್ಪ ವಾಲುವ ಬದಲು ಪೂರ್ತಿ ಹಿಂದಕ್ಕೆ ಹೋಯಿತು. ನಾನು ಚಾವಣಿ ನೋಡುತ್ತಾ ಮಲಗಿದ್ದೆ, ಅವನು ಕಪ್ಪೆಯ ಹಾಗೆ ನನ್ನ ಹೊಟ್ಟೆಯ ಮೇಲೆ ಬಿದ್ದಿದ್ದ. ಹಾಗೇ ತಡಕಾಡಿ, ತಾನೇ ಬಾಯಿ ಹಾಕಿ ಕುಡಿಯತೊಡಗಿದ. ಇನ್ನೇನು ಕೆಮ್ಮುತ್ತಾನೆ ಅಂತ ಕಾದೆ. ಕೆಮ್ಮಲಿಲ್ಲ. ಬೆನ್ನು ಬಗ್ಗಿಸಲಿಲ್ಲ. ಮುಷ್ಟಿ ಬಿಚ್ಚಿತು. ನಡುವೆ ಒಂದು ಸಲ ಬಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಬಂದ. ಅವನು ಬಿಟ್ಟ ಆ ಗಳಿಗೆಯಲ್ಲಿ ಹಾಲು ಚಿಮ್ಮಿ, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಪರೀಕ್ಷೆಯ ಗ್ಲಾಸುಗಳ ಮೇಲೆಲ್ಲ ಬಿತ್ತು. ನಾನು ಆ ಗ್ಲಾಸುಗಳನ್ನೇ ನೋಡುತ್ತಾ ಬಹಳ ಹೊತ್ತು ಮಲಗಿದ್ದೆ. ಹಾಲಿಲ್ಲದವಳ ಹಾಲು ಅಷ್ಟು ದೂರ ಹೋಗುತ್ತದಾ?

ಮಾರನೆಯ ದಿನ ಮಕ್ಕಳ ಡಾಕ್ಟರಿಗೆ ತೋರಿಸಿ ಎಲ್ಲ ಹೇಳಿದೆ. ಅವರು ಅವನನ್ನು ತೂಗಿ, ಬಾಯೊಳಗೆ ನೋಡಿ, ನಾನು ಹಾಲು ಕುಡಿಸುವುದನ್ನೂ ನೋಡಿದರು. "ಹಾಲು ಕಡಿಮೆ ಅಂತ ಯಾರಮ್ಮ ಹೇಳಿದ್ದು? ತೂಕ ಚೆನ್ನಾಗಿ ಏರ್ತಿದೆ. ಒಂದು ಗುಟುಕು ಕೇಳೋನಿಗೆ ಪೈಪ್ ಹಿಡಿದ್ರೆ ಅವನಾದ್ರೂ ಏನು ಮಾಡ್ತಾನೆ" ಅಂದರು. ಕೆಲವರಿಗೆ ಹಾಲು ಇಳಿಯುವಾಗ ಮೊದಲ ರಭಸ ಜೋರಾಗಿರುತ್ತದಂತೆ, ಸಣ್ಣ ಮಗು ಅದನ್ನು ತಡೆದುಕೊಳ್ಳಲಾರದೆ ಬಿಡುತ್ತದಂತೆ. ಬೇಕಿಲ್ಲದ ಪಂಪು ಒತ್ತಿ ನಾವು ಅದನ್ನು ಇನ್ನೂ ಜೋರು ಮಾಡಿದ್ದೆವು. ಈಗ ಮೊದಲ ರಭಸವನ್ನು ಬಟ್ಟೆಗೆ ಬಿಡುತ್ತೇನೆ, ಆಮೇಲೆ ಹರಿವು ತಗ್ಗಲಿ ಅಂತ ಹಿಂದಕ್ಕೆ ಒರಗಿ ಕುಡಿಸುತ್ತೇನೆ, ಮಧ್ಯೆ ಒಮ್ಮೆ ಎತ್ತಿ ತೇಗಿಸುತ್ತೇನೆ. ಒಂದೊಂದು ಸಲ ಈಗಲೂ ರೇಗುತ್ತಾನೆ, ಇಲ್ಲವೆಂದಲ್ಲ. ಹೀಗೆ ರೇಗುವುದಕ್ಕೆ ಬೇರೆ ಹತ್ತು ಕಾರಣ ಇರಬಹುದು, ಪ್ರತಿ ಮಗುವಿಗೂ ಇದೇ ಅಂದುಕೊಳ್ಳಬೇಡಿ ಅಂತಲೂ ಡಾಕ್ಟರು ಹೇಳಿದ್ದಾರೆ. ಅಪ್ಪ ಪಂಪನ್ನು ಮೇಲಿನ ಅಟ್ಟಕ್ಕೆ ಹಾಕಿ, "ನಲ್ಲೀಲಿ ನೀರಿಲ್ಲ ಅಂತ ಕೊರಗಿದ್ವಿ, ಇದು ಫೈರ್ ಇಂಜಿನ್ನು" ಅಂದರು. ಅಜ್ಜಿ ಮಿಕ್ಕ ಬೆಳ್ಳುಳ್ಳಿಯನ್ನು ಪಕ್ಕದ ದರ್ಜಿಯ ಹೆಂಡತಿಗೆ ಕೊಟ್ಟು ಉಪಕಾರ ಮಾಡಿದ ಮುಖ ಮಾಡಿದರು.

ಹಾಗಾಗಿ ಈಗ ಮಧ್ಯಾಹ್ನದ ಹೊತ್ತು ಕುರ್ಚಿ ನಮ್ಮಿಬ್ಬರದು. ಈ ಕಾಗದವನ್ನೂ ಅದರಲ್ಲೇ ಒರಗಿ, ಅವನ ಬೆನ್ನನ್ನೇ ಮೇಜು ಮಾಡಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಅಲ್ಲಲ್ಲಿ ಏರಿಳಿದಿದ್ದರೆ ಅದು ಅವನ ಉಸಿರು. ನನಗೆ ತೃಪ್ತಿಯಾಗಿದೆ ಬುಗುರಿ. ಇಷ್ಟು ಸಲೀಸಾಗಿ ಆ ಮಾತು ಬರೆಯುವವಳಲ್ಲ ನಾನು, ನಿನಗೇ ಗೊತ್ತು.

ಚೆನ್ನಾಗಿ ಊಟ ಮಾಡು. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿ ಹಾಕು. ಅಪ್ಪ ನಿನ್ನ ಬೆನ್ನು ತಟ್ಟಿದ್ದಾರೆ ಅಂತ ತಿಳಿ, ಅಜ್ಜಿ ತಲೆ ನೇವರಿಸಿದ್ದಾರೆ ಅಂತ ತಿಳಿ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮರೆತ ಮಾತು: ಅಪ್ಪ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮರೆತದ್ದೇನೂ ಅಲ್ಲ, ಇದಕ್ಕೇ ಕಾಗದ ಶುರುಮಾಡಿದ್ದು. ನೀನು ಹಾಲು ಬಿಟ್ಟದ್ದು ಹೇಗೆ ಅಂತ ನಿನ್ನೆ ಅಜ್ಜಿಯನ್ನು ಕೂರಿಸಿ ಕೇಳಿದೆ, ನನಗೆ ಆಗಿನದು ನಿನ್ನ ಅಳುವೊಂದೇ ನೆನಪು. ಆಸೆಯಿಂದ ಶುರುಮಾಡುತ್ತಿದ್ದೆಯಂತೆ, ಆಮೇಲೆ ಕೆಮ್ಮಿ, ಬೆನ್ನು ಬಗ್ಗಿಸಿ, ಮುಖ ತಿರುಗಿಸುತ್ತಿದ್ದೆಯಂತೆ. ನಿನ್ನ ಬಟ್ಟೆಯೆಲ್ಲ ಹಾಲಂತೆ. ಎರಡು ತಿಂಗಳಿಗೇ ಆರು ತಿಂಗಳ ಅಂಗಿ ಬೇಕಾಗಿತ್ತಂತೆ. ಹೇಳುತ್ತಾ ಹೇಳುತ್ತಾ ಅಜ್ಜಿ ತಾವೇ ಬಟಾಣಿಯ ಕಡೆ ತಿರುಗಿ ನೋಡಿದರು. ಆ ತಮಾಷೆ ಇನ್ನು ಈ ಮನೆಯಲ್ಲಿ ಯಾರೂ ಆಡುವುದಿಲ್ಲ. ಆಗ ಯಾರೂ ಪರೀಕ್ಷೆ ಮಾಡಿ ನೋಡಲಿಲ್ಲ, ಹಾಗಾಗಿ ಆಣೆ ಮಾಡಿ ಹೇಳಲಾರೆ. ಆದರೆ ನೀನು ನನ್ನನ್ನು ಬೇಡ ಅನ್ನಲಿಲ್ಲ ಅಂತ ನಾನು ನಂಬಿದ್ದೇನೆ. ಉಸಿರಿಗಾಗಿ ಮುಖ ತಿರುಗಿಸಿದ್ದೆ, ಅಷ್ಟರಲ್ಲಿ ನಾವು ಬಾಟಲಿ ಹಿಡಿದೆವು. ಇಲ್ಲದಿದ್ದರೆ ನೀನು ಮತ್ತೆ ನನ್ನ ಕಡೆಗೆ ತಿರುಗುತ್ತಿದ್ದೆ. ಬಟಾಣಿ ಪ್ರತಿ ಸಲವೂ ತಿರುಗುತ್ತಾನೆ.