ಡಬ್ಬಿ ಖಾಲಿನೇ ಕೊಡು

ಬಸವೇಶ್ವರಿ,

ನಿನಗ ಈಗಷ್ಟೇ ನಿದ್ದಿ ಹತ್ತಿತ್ತು, ಎಬ್ಬಿಸಲಿಲ್ಲ. ನಿಮ್ಮ ಶಾಲಿ ಶಾರದಾಬಾಯಿ ರಜಾ ಹಾಕಿ ಬಂದಾಳ. ಆಕಿ ಜೋಡಿ ನಿನ್ನ ರಿಪೋರ್ಟ್ ತರಾಕ ಕಲಬುರಗಿಗೆ ಹೊಂಟೇನಿ.

ಗಂಜಿ ಒಲಿ ಮ್ಯಾಲ ಅದ, ಬೆಚ್ಚಗ ಮಾಡ್ಕೊಂಡು ಕುಡಿ. ಮಧ್ಯಾಹ್ನ ಊಟದ ಡಬ್ಬಿ ಜಯಮಾಲಾ ಟೀಚರ್ ತರ್ತಾಳ, ಇವತ್ತು ಆಕಿ ಪಾಳಿ. ನಿನ್ನಿನ ಡಬ್ಬಿ ತೊಳೆದು ಅಡಗಿಮನಿ ಕಟ್ಟಿ ಮ್ಯಾಲ ಇಟ್ಟೇನಿ. ಅದನ್ನ ಆಕಿ ಕೈಯಾಗ ಖಾಲಿನೇ ಕೊಡು.

ಮಂದಿ ಡಬ್ಬಿ ಖಾಲಿ ಕಳಸಬಾರದಂತ ನೀ ಮದುವ್ಯಾಗಿ ಬಂದಾಗ ಹೇಳಿದಾಕಿ ನಾನೇ, ಖರೆ. ಆದ್ರ ಕಿಮೋ ಆದ ಮರುದಿನ ಶೇಂಗಾ ಉಂಡಿ ಮಾಡಾಕ ಒಲಿ ಮುಂದ ನಿಂತು, ಕಣ್ಣಿಗೆ ಕತ್ತಲಿ ಬಂದು ಬೀಳು ಅಂತ ಹೇಳಿದ್ದಿಲ್ಲ. ಶೇಂಗಾ ಬಚ್ಚಿಟ್ಟೇನಿ, ಹುಡುಕಬ್ಯಾಡ.

ಈ ಟೀಚರ್ ಮಂದಿ ಬಾಣಂತನದಾಗ, ಅವರ ಮಕ್ಕಳ ಜ್ವರದಾಗ ಅವರ ಕ್ಲಾಸ್ ನೀನೇ ತಗೊಂಡಿದ್ದಿ. ಈಗ ಇಡೀ ಶಾಲಿ ನಿನ್ನ ಸಲುವಾಗಿ ಪಾಳಿ ಹಚ್ಯಾದ. ಆಸ್ಪತ್ರ್ಯಾಗ ನರ್ಸ್ ಬಾಯಿ, “ಇಷ್ಟು ಮಂದಿ ಯಾರ್ರಿ?” ಅಂತ ಕೇಳಿದ್ರ, “ನನ್ನ ಸೊಸಿ ಗಳಿಸಿದ ಮಂದಿರಿ” ಅಂತ ಎದಿ ಉಬ್ಬಿಸಿ ಹೇಳೇನಿ.

ರಾತ್ರಿ ಶಾಲ್ಯಾಗ ಕಲ್ತ ಅಕ್ಷರ ಇವು, ಕೆಂಪು ಪೆನ್ನು ಹಿಡೀಬ್ಯಾಡ.

ರೊಟ್ಟಿ ಪಲ್ಯ ಪೂರ್ತಿ ಉಣ್ಣು. ನೀ ಉಂಡು ಖಾಲಿ ಮಾಡಿದ ಡಬ್ಬಿ ಬಿಟ್ರ ಅವರಿಗೆ ಬ್ಯಾರೆ ಏನೂ ಬೇಕಾಗಿಲ್ಲ.

ನಿಮ್ಮತ್ತಿ