ದಡದಲ್ಲೇ ಉಳಿದವಳು

ಮಂಗಳವಾರ, ಜೂನ್ ೧೧

ಅತ್ತೆಯ ಮಾತು ಇನ್ನೂ ಚುಚ್ಚುತ್ತಿದೆ. ನಾನು ಕಥೆ ಬರೆದ ವಿಡಿಯೊ ಗೇಮನ್ನು ಇವತ್ತು ಅವರ ಕೈಗೆ ಕೊಟ್ಟಿದ್ದೆ. ಅದರಲ್ಲಿ ಅಂಬಿಗ ನಾಯಕಿಯನ್ನು "ದೋಣಿ ಹತ್ತುತ್ತೀಯಾ?" ಎಂದು ಕೇಳಿದಾಗ ಅವರು "ಇಲ್ಲ" ಒತ್ತಿದರು. ಆದರೂ ಮರುಕ್ಷಣವೇ ಅವಳು ದೋಣಿಯಲ್ಲಿ ಕೂತಿದ್ದಳು.

"ಬೇಡ ಅಂದ್ರೂ ಬಡಿಸೋದಾದ್ರೆ ನನ್ನನ್ನ ಯಾಕಮ್ಮ ಕೇಳ್ದೆ?"

ಬೇಡವೆಂದರೂ ಬಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ! ನಗು ಬಂತು.

"ಇಲ್ಲ" ಎಂದವರಿಗಾಗಿ ಎರಡನೆಯ ದಾರಿ ಬರೆಯಲು ಪುರುಸೊತ್ತಿಲ್ಲ ಎನ್ನುತ್ತಾರೆ ನಮ್ಮ ಆಫೀಸಿನ ಮ್ಯಾನೇಜರ್. ನಾಳೆ ನಾನು ಅದಕ್ಕೆ ಹೂಂ ಎಂದು ಗೋಣಾಡಿಸುವುದಿಲ್ಲ. ದಡದಲ್ಲೇ ಉಳಿದವಳಿಗೂ ಒಂದು ಕಥೆ ಬೇಕೇ ಬೇಕು. ಇಲ್ಲವಾದರೆ ಅಂಬಿಗ ಆ ಪ್ರಶ್ನೆಯನ್ನೇ ಕೇಳಕೂಡದು.

ಊಟದ ಹೊತ್ತಿಗೆ ಅತ್ತೆ "ಇನ್ನೊಂದ್ ಸ್ವಲ್ಪ ಹಾಕ್ಲಾ?" ಎಂದರು. ಸಾಕು ಎಂದೆ. ತಟ್ಟೆಯ ಮೇಲೆ ಬಂದಿದ್ದ ಸೌಟು ಗಾಳಿಯಲ್ಲೇ ನಿಂತಿತು. ನಾನು ಈ ಮನೆಯ ಸೊಸೆಯಾದಾಗಿನಿಂದ ಇದೇ ಮೊದಲ ಸಲ, ಅದು ಪಾತ್ರೆಗೆ ವಾಪಸ್ ಹೋಯಿತು.