ಒದ್ದೆ ಸೀರೆ ಹಿಡಿದವಳು

ಜೂನ್ ೧೮, ಬುಧವಾರ

ಭಾನುವಾರ ಸೇಲಂನ ಕನ್ನಡ ಹೆಂಗಸರ ಮುಂದೆ ಒಂದು ಕವಿತೆಯ ಬಗ್ಗೆ ಮಾತಾಡಲು ಒಪ್ಪಿಕೊಂಡುಬಿಟ್ಟಿದ್ದೇನೆ. ಅರ್ಥ ಎರಡು ಪುಟ ಬರೆದಾಯಿತು. ಕವಿತೆ ಮಾತ್ರ ಒಳಗಿಳಿದಿಲ್ಲ. ಸಂಜೆ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದ ಅತ್ತೆಗೆ ಓದಿ ಹೇಳಿದೆ, ಶಾಲೆಯಲ್ಲಿ ಮನಪ್ಪಾಡಂ ಎಂದು ಬಾಯಿಪಾಠ ಒಪ್ಪಿಸುತ್ತಿದ್ದಂತೆ, ಒಂದೇ ಉಸಿರಿಗೆ.

"ಯಾವ ಬಸ್ಸಿಗ್ ಓಗ್ಬೇಕು ನೀನು? ಮೆಲ್ಲಗ್ ಓದಮ್ಮಿ."

ಮೆಲ್ಲಗೆ ಓದಿದೆ. ಅತ್ತೆಯ ಕೈ ನಿಂತಿತು.

"ಅಯ್ಯೋ ಪಾವಂ! ಒದ್ದೆ ಸೀರೆ ಇಡ್ಕೊಂಡು ಎಷ್ಟೊತ್ತಿಂದ ನಿಂತವ್ಳೆ ಅವ್ಳು?"

ಕಾಲೇಜಿನಲ್ಲಿ ಪದ್ಯಭಾಗಕ್ಕೆ ತೊಂಬತ್ತೆರಡು ಅಂಕ ತೆಗೆದವಳು ನಾನು. ಒದ್ದೆ ಸೀರೆ ಎಂದರೆ ದುಃಖದ ಸಂಕೇತ ಎಂದು ಬರೆದಿದ್ದೆ. ಅದನ್ನು ಹಿಡಿದು ಒಬ್ಬ ಹೆಂಗಸು ನಿಂತಿದ್ದಾಳೆಂದು ಹೊಳೆದೇ ಇರಲಿಲ್ಲ.

ಎರಡೂ ಪುಟ ಹರಿದುಹಾಕಿದೆ. ಭಾನುವಾರ ಏನು ಹೇಳಲಿ? ಮಗು ಮಲಗಿದೆ, ನನಗೆ ನಿದ್ದೆಯಿಲ್ಲ. ಅವಳ ಕೈ ಎಷ್ಟು ತಣ್ಣಗಾಗಿರಬೇಕು, ಸೀರೆಯ ನೀರು ಮೊಣಕೈವರೆಗೂ ಇಳಿದು…